ಫಾರ್ಮ್ಯಾಟ್ ಹೊಡಿಯೋಕಿಂತ ಮೊದಲು: ‘ಅನ್‌ಮೆಟ್ ಡಿಪೆಂಡೆನ್ಸೀಸ್’ ಓದುವ ಪಾಠ

ನಮ್ಮ ಕ್ಯಾಂಪಸ್ಸಿನಲ್ಲಿ ಲಿನಕ್ಸ್ ಬಗ್ಗೆ ಏನೇ ಕೇಳಿದರೂ ಕೊನೆಗೆ ಸಿಗುವ ಉತ್ತರ ಒಂದೇ: “ಲೇ ದೋಸ್ತ, ಫಾರ್ಮ್ಯಾಟ್ ಹೊಡದು ಹೊಸದಾಗಿ ಹಾಕ್ಬಿಡು.” ಹಾಸ್ಟೆಲ್ಲಿನ ಸ್ವಂತ ಲ್ಯಾಪ್‌ಟಾಪ್ ಆದರೆ ಇದು ಒಂದು ಸಂಜೆಯ ಕೆಲಸ. ಮನೆ ಕಂಪ್ಯೂಟರಿಗೆ ಈ ಮಾತು ನಡೆಯೋದಿಲ್ಲ. ಮನೆಯಲ್ಲಿ ಇರೋದೇ ಒಂದು ಡೆಸ್ಕ್‌ಟಾಪ್. ಅದರಲ್ಲಿ ಅಪ್ಪನ ಅಂಗಡಿ ಲೆಕ್ಕ, ಅಕ್ಕನ ಪ್ರಾಜೆಕ್ಟ್, ತಮ್ಮನ ಸ್ಕಾಲರ್‌ಶಿಪ್ ಅರ್ಜಿಯ ಪಿಡಿಎಫ್, ಹತ್ತು ವರ್ಷದ ಮದುವೆ-ಮುಂಜಿವೆ ಫೋಟೋ, ಎಲ್ಲಾ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಬ್ಯಾಕಪ್ ಅನ್ನೋದು ನಾನು ನೋಡಿದ ಯಾವ ಮನೆಯಲ್ಲೂ ಇಲ್ಲ.

ಹೋದ ಸೆಮಿಸ್ಟರಿನಲ್ಲಿ ಕ್ಲಾಸಿನ ಗೆಳೆಯನೊಬ್ಬ ಒಂದು ಪ್ರಶ್ನೆ ತಂದ. ಧಾರವಾಡದಲ್ಲಿರುವ ಅವನ ಮನೆ ಕಂಪ್ಯೂಟರಿನಲ್ಲಿ ಉಬುಂಟು 22.04 ಇದೆ. ಅವನ ಅಕ್ಕ ಎಂ.ಎ. ಕನ್ನಡ ಓದುತ್ತಿದ್ದಾರೆ, ಅವರಿಗೆ ಕನ್ನಡ ಟೈಪ್ ಮಾಡಬೇಕಿತ್ತು. ಅದಕ್ಕೆ ಬೇಕಾದ ‘ಐಬಸ್-ಎಂ17ಎನ್’ ಪ್ಯಾಕೇಜನ್ನು ಹಾಕಲು ಹೋದರೆ ಟರ್ಮಿನಲ್ ಯಾವುದೋ ಡೇಟಾಬೇಸ್ ಸಾಫ್ಟ್‌ವೇರಿನ ಹೆಸರು ಹೇಳಿ, ‘ಅನ್‌ಮೆಟ್ ಡಿಪೆಂಡೆನ್ಸೀಸ್’ ಎಂದು ನಿಂತುಬಿಟ್ಟಿತು. ಅವನ ಪ್ರಶ್ನೆ ಇಷ್ಟೇ: “ಕನ್ನಡಕ್ಕೂ ಡೇಟಾಬೇಸಿಗೂ ಏನ್ ಸಂಬಂಧಪಾ?”

ಪ್ರಶ್ನೆ ಬಹಳ ಚಲೋ ಇತ್ತು. ಇದಕ್ಕೆ ಸರಿಯಾದ ಉತ್ತರ ಕಂಡುಕೊಂಡರೆ ಮನೆ ಕಂಪ್ಯೂಟರಿನ ಪ್ಯಾಕೇಜ್ ಗೋಳಿನಲ್ಲಿ ಮುಕ್ಕಾಲು ಪಾಲು ಅರ್ಥ ಆಗುತ್ತದೆ. (ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳಿಕೊಳ್ಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ, ಎಲ್ಲಾ ಸಣ್ಣ ಅಕ್ಷರದಲ್ಲೇ ಹೊಡೆಯಬೇಕು.)

ಪ್ಯಾಕೇಜಿನೊಳಗಿನ ಚೀಟಿ

ಉಬುಂಟು ನಿಂತಿರುವುದು ಡೆಬಿಯನ್ ಮೇಲೆ. ಡೆಬಿಯನ್ನನ್ನು ಇಯಾನ್ ಮರ್ಡಾಕ್ 1993ರಲ್ಲಿ ಶುರು ಮಾಡಿದರು. ಡೆಬ್ರಾ ಎಂಬ ತನ್ನ ಗೆಳತಿಯ ಹೆಸರಿಗೆ ತನ್ನ ಹೆಸರು ಸೇರಿಸಿ ‘ಡೆಬಿಯನ್’ ಎಂದರು. ಅಲ್ಲಿಂದ ಬಂದದ್ದೇ ‘ಡೆಬ್’ ಫೈಲು. ಒಂದು ಡೆಬ್ ಫೈಲನ್ನು ಬಿಚ್ಚಿದರೆ ಒಳಗೆ ಮುಖ್ಯವಾಗಿ ಎರಡು ಗಂಟು ಸಿಗುತ್ತವೆ: ಒಂದರಲ್ಲಿ ನಿಜವಾದ ಫೈಲುಗಳು, ಇನ್ನೊಂದರಲ್ಲಿ ‘ಕಂಟ್ರೋಲ್’ ಎಂಬ ಚೀಟಿ. ಹೆಸರು, ವರ್ಷನ್, ನನಗೆ ಯಾರು ಬೇಕು (ಡಿಪೆಂಡ್ಸ್), ಯಾರ ಜೊತೆ ನಾನು ಇರೋದಿಲ್ಲ (ಕಾನ್‌ಫ್ಲಿಕ್ಟ್ಸ್), ಯಾರ ಬದಲು ನಾನು ನಡೆಯುತ್ತೇನೆ (ಪ್ರೊವೈಡ್ಸ್), ಇವೆಲ್ಲ ಆ ಚೀಟಿಯಲ್ಲಿ ಬರೆದಿರುತ್ತವೆ.

ಚೀಟಿ ಹೇಗಿರುತ್ತದೆ ಎಂದು ನೋಡಲು ಕನ್ನಡದ್ದೇ ಒಂದು ಉದಾಹರಣೆ ಇದೆ. ‘ಆಪ್ಟ್ ಶೋ ಫಾಂಟ್ಸ್-ಕೆಎನ್‌ಡಿಎ’ ಹೊಡೆಯಿರಿ. ಈ ಪ್ಯಾಕೇಜಿನೊಳಗೆ ಒಂದು ಫಾಂಟೂ ಇಲ್ಲ! ಇರೋದು ಚೀಟಿ ಮಾತ್ರ. ಅದರಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳ ಪ್ಯಾಕೇಜುಗಳು ಬೇಕು ಎಂದು ಬರೆದಿದೆ. ಇಂಥವನ್ನು ಮೆಟಾ ಪ್ಯಾಕೇಜ್ ಅನ್ನುತ್ತಾರೆ. ಒಂದು ಹೆಸರು ಹೇಳಿದರೆ ಹಿಂದಿನ ಇಡೀ ಸಾಲು ಬರುತ್ತದೆ. ಉಬುಂಟುವಿನ ಇಡೀ ಡೆಸ್ಕ್‌ಟಾಪ್ ಕೂಡ ‘ಉಬುಂಟು-ಡೆಸ್ಕ್‌ಟಾಪ್’ ಎಂಬ ಇಂಥದೇ ಒಂದು ಚೀಟಿಯ ಹಿಂದೆ ನಿಂತಿದೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ಕನಿಗೆ ಬೇಕಾದ ಐಬಸ್-ಎಂ17ಎನ್ ಸರಪಳಿ ಇನ್ನೂ ಮಜಾ ಇದೆ. ‘ಮಲ್ಟಿಲಿಂಗ್ವಲೈಸೇಶನ್’ ಎಂಬ ಇಂಗ್ಲಿಷ್ ಪದದಲ್ಲಿ ಮೊದಲ ಅಕ್ಷರ ಎಂ, ಕೊನೆಯದು ಎನ್, ನಡುವೆ 17 ಅಕ್ಷರ, ಅದಕ್ಕೇ ಎಂ17ಎನ್. ಈ ಲೈಬ್ರರಿ ತಯಾರಾದದ್ದು ಜಪಾನಿನ ಎಐಎಸ್‌ಟಿ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ. ಅದರ ಜೊತೆ ಬರುವ ಎಂ17ಎನ್-ಡಿಬಿ ಪ್ಯಾಕೇಜಿನಲ್ಲಿ ಜಗತ್ತಿನ ಹತ್ತಾರು ಭಾಷೆಗಳ ಕೀಲಿಮಣೆ ವಿನ್ಯಾಸಗಳಿವೆ. ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಇದೆ, ಐಟ್ರಾನ್ಸ್ ಇದೆ, ಜೊತೆಗೆ ‘ಕೆಜಿಪಿ’ ಇದೆ. ಕೆಜಿಪಿ ಎಂದರೆ ಕನ್ನಡ ಗಣಕ ಪರಿಷತ್ತು: ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದು, ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಗೆಲ್ಲ ಪರಿಚಯವಾದ ಆ ಕೀಲಿಮಣೆ. ನುಡಿಯಲ್ಲಿ ಕೈ ಪಳಗಿದವರಿಗೆ ಉಬುಂಟುವಿನಲ್ಲೂ ಅದೇ ಬೆರಳು, ಅದೇ ಕೀಲಿ. ಅಂದರೆ ಧಾರವಾಡದ ಒಂದು ಮನೆಯಲ್ಲಿ ‘ಅ’ ಮೂಡಬೇಕಾದರೆ ಜಪಾನಿನ ಲೈಬ್ರರಿ, ಬೆಂಗಳೂರಿನ ಪರಿಷತ್ತಿನ ವಿನ್ಯಾಸ, ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆ, ಎಲ್ಲಾ ಕೈಗೆ ಕೈ ಕೊಟ್ಟು ನಿಲ್ಲಬೇಕು. ಡಿಪೆಂಡೆನ್ಸಿ ಅಂದರೆ ಇದೇ. ಅವಲಂಬನೆ ಎನ್ನುವ ಕನ್ನಡ ಪದ ಇದೆ, ಆದರೆ ಎರರ್ ಹುಡುಕುವಾಗ ಇಂಗ್ಲಿಷ್ ಪದವೇ ಬೇಕಾಗುವುದರಿಂದ ಇಲ್ಲಿ ಡಿಪೆಂಡೆನ್ಸಿ ಎಂದೇ ಬರೆಯುತ್ತೇನೆ.

ಡಿಪಿಕೆಜಿ ಮತ್ತು ಆಪ್ಟ್

ಈ ಎರಡು ಹೆಸರನ್ನು ನಾವು ಒಂದೇ ಎಂಬಂತೆ ಬಳಸುತ್ತೇವೆ. ಒಂದೇ ಅಲ್ಲ. ಡಿಪಿಕೆಜಿ ಎಪಿಎಂಸಿಯಲ್ಲಿ ಹಮಾಲಿ ಮಾಡುವವರ ಹಾಗೆ: ಕೊಟ್ಟ ಚೀಲವನ್ನು ಇಳಿಸಿ ಜಾಗದಲ್ಲಿಡುವುದು ಅದರ ಕೆಲಸ. ಚೀಲದ ಚೀಟಿಯಲ್ಲಿ ಇನ್ನೊಂದು ಚೀಲ ಬೇಕು ಎಂದಿದ್ದರೆ “ಅದು ಇಲ್ಲ” ಎಂದು ಹೇಳುತ್ತದೆಯೇ ಹೊರತು ಹೋಗಿ ತರುವುದಿಲ್ಲ. ಆಪ್ಟ್ ಲೆಕ್ಕ ಬರೆಯುವ ಗುಮಾಸ್ತ. ಯಾವ ಭಂಡಾರದಲ್ಲಿ ಯಾವ ವರ್ಷನ್ ಇದೆ ಎಂಬ ಪಟ್ಟಿ ಅದರ ಹತ್ತಿರ ಇರುತ್ತದೆ. ಬೇಕಾದದ್ದನ್ನೆಲ್ಲ ಲೆಕ್ಕ ಹಾಕಿ, ಇಂಟರ್ನೆಟ್ಟಿನಿಂದ ತಂದು, ಡಿಪಿಕೆಜಿ ಕೈಗೆ ಕೊಡುತ್ತದೆ. ಡೆಬಿಯನ್ನಿನಲ್ಲಿ ಆಪ್ಟ್ ಬಂದದ್ದು 1999ರ 2.1 ಆವೃತ್ತಿಯಲ್ಲಿ. ಅದಕ್ಕೂ ಮೊದಲಿನವರ ಪಾಡು ಊಹಿಸಿಕೊಳ್ಳಿ.

ಗೆಳೆಯನ ಮನೆಯಲ್ಲಿ ಆದದ್ದು ಹೀಗೆ. ಡಿಬಿಎಂಎಸ್ ಅಭ್ಯಾಸಕ್ಕೆಂದು ಅವನು ಒಂದು ಡೇಟಾಬೇಸಿನ ಹಳೆಯ ಡೆಬ್ ಫೈಲನ್ನು ಇಳಿಸಿಕೊಂಡು, ‘ಸುಡೊ ಡಿಪಿಕೆಜಿ -ಐ’ ಎಂದು ಹಾಕಿದ್ದ. ಡಿಪಿಕೆಜಿ ಫೈಲುಗಳನ್ನೆಲ್ಲ ಬಿಚ್ಚಿ ಇಟ್ಟಿತು. ಆಮೇಲೆ ಚೀಟಿ ನೋಡಿದರೆ ‘ಲಿಬ್‌ಎಸ್‌ಎಸ್‌ಎಲ್ 1.1’ ಬೇಕು ಎಂದಿದೆ, ಅದು ಯಂತ್ರದಲ್ಲಿ ಇಲ್ಲ. ಹಾಗಾಗಿ ಪ್ಯಾಕೇಜು ಅರ್ಧ ಸ್ಥಿತಿಯಲ್ಲಿ ಉಳಿಯಿತು. ‘ಡಿಪಿಕೆಜಿ -ಎಲ್’ ಪಟ್ಟಿಯಲ್ಲಿ ಸರಿಯಾದ ಪ್ಯಾಕೇಜಿನ ಮುಂದೆ ‘ಐಐ’ ಇರುತ್ತದೆ. ಇದರ ಮುಂದೆ ‘ಐಯು’ ಇತ್ತು. ಹಾಕು ಎಂದು ಹೇಳಿದ್ದಾರೆ, ಬಿಚ್ಚಿ ಆಗಿದೆ, ಆದರೆ ಕಾನ್ಫಿಗರ್ ಆಗಿಲ್ಲ ಎಂದು ಅರ್ಥ.

ಆಪ್ಟಿನ ನಿಯಮ ಏನೆಂದರೆ, ಯಂತ್ರದಲ್ಲಿ ಒಂದೇ ಒಂದು ಪ್ಯಾಕೇಜಿನ ಚೀಟಿ ಪೂರೈಸದೆ ಉಳಿದಿದ್ದರೂ ಹೊಸದೇನನ್ನೂ ಅದು ಹಾಕುವುದಿಲ್ಲ. ಮೊದಲು ಹಳೆ ಲೆಕ್ಕ ಚುಕ್ತಾ ಆಗಬೇಕು. ಗೆಳೆಯನ ಪ್ರಶ್ನೆಗೆ ಉತ್ತರ ಇಲ್ಲಿದೆ. ಕನ್ನಡಕ್ಕೂ ಡೇಟಾಬೇಸಿಗೂ ಯಾವ ಸಂಬಂಧವೂ ಇಲ್ಲ. ಕನ್ನಡ ಕೀಬೋರ್ಡಿನ ಸರಪಳಿ ನೆಟ್ಟಗೇ ಇತ್ತು. ಎರಡು ವಾರದ ಹಿಂದೆ ಅರ್ಧಕ್ಕೆ ನಿಂತ ಬೇರೊಂದು ಸರಪಳಿ ದಾರಿಗೆ ಅಡ್ಡ ಬಿದ್ದಿತ್ತು. ಆದ್ದರಿಂದ ಎರರಿನಲ್ಲಿ ನೀವು ಕೇಳಿದ ಪ್ಯಾಕೇಜಿನ ಹೆಸರು ಇದೆಯಾ, ಇಲ್ಲವಾ ಅಂತ ಮೊದಲು ನೋಡ್ರಿ. ಇಲ್ಲ ಅಂದರೆ ತೊಂದರೆ ಹಳೆಯದು. ಈಗ ಕೇಳಿದ್ದರ ಬೆನ್ನು ಹತ್ತುವುದು ವ್ಯರ್ಥ.

ಎರರಿನ ಬಾಲ ಓದಬೇಕು

ಅನ್‌ಮೆಟ್ ಡಿಪೆಂಡೆನ್ಸೀಸ್ ಎಂಬ ತಲೆಬರಹದಲ್ಲಿ ಏನೂ ಮಾಹಿತಿ ಇಲ್ಲ. ಅದನ್ನೇ ಕಾಪಿ ಮಾಡಿ ಸರ್ಚ್ ಹೊಡೆದರೆ ಸಾವಿರ ಜನರ ಸಾವಿರ ಬೇರೆ ಬೇರೆ ತೊಂದರೆಗಳು ಬರುತ್ತವೆ. ಮಾಹಿತಿ ಇರೋದು ಕೆಳಗಿನ ಸಾಲಿನ ಬಾಲದಲ್ಲಿ, ‘ಬಟ್’ ಆದ ಮೇಲೆ.

“ಬಟ್ ಇಟ್ ಈಸ್ ನಾಟ್ ಇನ್‌ಸ್ಟಾಲೆಬಲ್” ಎಂದರೆ ಆ ಹೆಸರಿನ ಪ್ಯಾಕೇಜು ಆಪ್ಟಿಗೆ ಗೊತ್ತಿರುವ ಯಾವ ಭಂಡಾರದಲ್ಲೂ ಇಲ್ಲ. ಒಂದೋ ಅದು ಬೇರೆ ಆವೃತ್ತಿಯ ಉಬುಂಟುಗೆ ಸೇರಿದ್ದು, ಇಲ್ಲವೇ ‘ಯೂನಿವರ್ಸ್’ನಂಥ ಭಂಡಾರ ಆಫ್ ಆಗಿದೆ, ಇಲ್ಲವೇ ಪಟ್ಟಿ ಹಳೆಯದಾಗಿದೆ. “ಬಟ್ ಇಟ್ ಈಸ್ ನಾಟ್ ಗೋಯಿಂಗ್ ಟು ಬಿ ಇನ್‌ಸ್ಟಾಲ್ಡ್” ಎಂದರೆ ಕಥೆ ಬೇರೆ: ಪ್ಯಾಕೇಜು ಇದೆ, ಆದರೆ ಅದಕ್ಕೆ ಬೇಕಾದ ಇನ್ಯಾವುದೋ ಸಿಗುತ್ತಿಲ್ಲ. ಆಗ ಆ ಹೆಸರನ್ನೇ ಹಿಡಿದು ‘ಆಪ್ಟ್ ಇನ್‌ಸ್ಟಾಲ್’ ಕೇಳಬೇಕು. ಅದು ಮುಂದಿನ ಕೊಂಡಿಯ ಹೆಸರು ಹೇಳುತ್ತದೆ. ಹೀಗೆ ಎರಡು-ಮೂರು ಮೆಟ್ಟಿಲು ಇಳಿದರೆ ನಿಜವಾಗಿ ಮುರಿದ ಕೊಂಡಿ ಸಿಗುತ್ತದೆ. “ಬಟ್ ಇಷ್ಟನೇ ವರ್ಷನ್ ಈಸ್ ಟು ಬಿ ಇನ್‌ಸ್ಟಾಲ್ಡ್” ಎಂದು ಬಂದರೆ ಎರಡು ಬೇರೆ ಬೇರೆ ಭಂಡಾರಗಳ ಸಾಮಾನು ಕಲಬೆರಕೆಯಾಗಿದೆ ಎಂದು ಸಂಶಯ ಪಡಬಹುದು. “ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್” ಅನ್ನೋದು ಇವುಗಳಲ್ಲೆಲ್ಲ ದಾರಿ ತಪ್ಪಿಸುವ ಸಾಲು. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಹೊಡೆದು ನೋಡಿದರೆ ಬಹಳ ಸಲ ಯಾರೂ ಏನನ್ನೂ ಹೋಲ್ಡ್ ಮಾಡಿರೋದಿಲ್ಲ. “ನನಗೆ ಲೆಕ್ಕ ಕೂಡಲಿಲ್ಲ” ಎನ್ನುವುದನ್ನೇ ಆಪ್ಟ್ ಹೀಗೆ ಹೇಳುತ್ತದೆ.

ಬಾಲ ಓದಿದ ಮೇಲೆ ಕೇಳಬೇಕಾದ ಇನ್ನೊಂದು ಪ್ರಶ್ನೆ: ಇದು ಎಲ್ಲಿಂದ ಬಂತು? ‘ಆಪ್ಟ್ ಪಾಲಿಸಿ’ ಮುಂದೆ ಪ್ಯಾಕೇಜಿನ ಹೆಸರು ಕೊಡಿ. ಯಾವ ವರ್ಷನ್ ಹಾಕಿದೆ, ಯಾವುದು ಸಿಗುತ್ತದೆ, ಯಾವ ಭಂಡಾರದಿಂದ ಎಂದು ಮೂರೂ ಬರುತ್ತದೆ. ಗೆಳೆಯನ ಡೇಟಾಬೇಸಿಗೆ ಕೇಳಿದಾಗ ಮೂಲದ ಜಾಗದಲ್ಲಿ ಭಂಡಾರದ ವಿಳಾಸವೇ ಇರಲಿಲ್ಲ, ಡಿಪಿಕೆಜಿಯ ಸ್ಟೇಟಸ್ ಫೈಲು ಮಾತ್ರ ಇತ್ತು. ಕೈಯಿಂದ ತಂದು ಹಾಕಿದ ಡೆಬ್ ಎಂಬುದಕ್ಕೆ ಅದೇ ಸಾಕ್ಷಿ. ಲಿಬ್‌ಎಸ್‌ಎಸ್‌ಎಲ್ 1.1ಕ್ಕೆ ಕೇಳಿದಾಗ ‘ಕ್ಯಾಂಡಿಡೇಟ್: ನನ್’. ಅಂದರೆ ಈ ಉಬುಂಟುವಿನಲ್ಲಿ ಅದು ಇಲ್ಲವೇ ಇಲ್ಲ.

ಚಿಗರಿಯ ಬಾಗಿಲು

ಯಾಕಿಲ್ಲ? ಲಿಬ್‌ಎಸ್‌ಎಸ್‌ಎಲ್ ಎನ್ನುವುದು ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ. ಬ್ರೌಸರಿನಲ್ಲಿ ಬೀಗದ ಚಿಹ್ನೆ ಬರುತ್ತದಲ್ಲ, ಅಂಥ ಸುರಕ್ಷಿತ ಸಂಪರ್ಕದ ಕೆಲಸ ಅದರದ್ದು. ಉಬುಂಟು 20.04ರಲ್ಲಿ 1.1.1 ಇತ್ತು. 22.04ಕ್ಕೆ ಅದನ್ನು ಬಿಟ್ಟು 3.0 ತಂದರು. 1.1.1ಕ್ಕೆ ಓಪನ್‌ಎಸ್‌ಎಸ್‌ಎಲ್ ತಂಡದ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರಿನಲ್ಲಿ ಮುಗಿಯಿತು.

“3 ಅಂದ್ರ 1.1ಕ್ಕಿಂತ ದೊಡ್ಡದಲ್ಲ? ಅದನ್ನ ಬಳಸ್ಕೊಳ್ಳಲಿ” ಎಂದು ಅವನು ವಾದ ಮಾಡಿದ. ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ವಿವರಿಸುವುದು ಸುಲಭ. ಬಿಆರ್‌ಟಿಎಸ್ ನಿಲ್ದಾಣಗಳು ರಸ್ತೆಯ ನಟ್ಟನಡುವೆ, ಎತ್ತರದ ಕಟ್ಟೆಯ ಮೇಲೆ ಇವೆ. ಚಿಗರಿ ಬಸ್ಸು ಕಟ್ಟೆಗೆ ಒತ್ತಿ ನಿಂತು ಬಲಗಡೆಯ ಬಾಗಿಲು ತೆರೆದರೆ ಮೆಟ್ಟಿಲೇ ಇಲ್ಲದೆ ಒಳಗೆ ಹೋಗುತ್ತೇವೆ. ಈಗ ಅದೇ ಕಟ್ಟೆಗೆ ಒಂದು ಮಾಮೂಲಿ ಬಸ್ಸು ತಂದು ನಿಲ್ಲಿಸಿ. ಅದೂ ಹುಬ್ಬಳ್ಳಿಗೇ ಹೋಗುತ್ತದೆ, ಬೇಕಾದರೆ ಇವತ್ತೇ ಷೋರೂಮಿನಿಂದ ಬಂದ ಹೊಸ ಬಸ್ಸೇ ಇರಲಿ. ಬಾಗಿಲು ಎಡಗಡೆ, ಎತ್ತರ ಬೇರೆ. ಕಟ್ಟೆಯ ಮೇಲೆ ನಿಂತವರು ಹತ್ತುವುದು ಹೇಗೆ?

ಕಂಪೈಲ್ ಆದ ಪ್ರೋಗ್ರಾಮು ಹಾಗೆ ಒಂದು ನಿರ್ದಿಷ್ಟ ಕಟ್ಟೆಯ ಮೇಲೆ ನಿಂತಿರುತ್ತದೆ. ಯಾವ ಫಂಕ್ಷನ್ ಯಾವ ಹೆಸರಿನಲ್ಲಿ, ಯಾವ ಕ್ರಮದ ಆರ್ಗ್ಯುಮೆಂಟುಗಳೊಂದಿಗೆ, ಯಾವ ಅಳತೆಯ ಸ್ಟ್ರಕ್ಚರಿನೊಂದಿಗೆ ಸಿಗುತ್ತದೆ ಎಂಬುದು ಕಂಪೈಲ್ ಆದ ದಿನವೇ ತೀರ್ಮಾನ ಆಗಿರುತ್ತದೆ. ಇದಕ್ಕೆ ಎಬಿಐ ಎನ್ನುತ್ತಾರೆ. ಲೈಬ್ರರಿಯ ಎಬಿಐ ಬದಲಾದರೆ ಅದರ ಫೈಲಿನ ಹೆಸರಿನ ಕೊನೆಯ ಸಂಖ್ಯೆಯನ್ನೂ ಬದಲಿಸುವುದು ವಾಡಿಕೆ: ‘.ಎಸ್‌ಒ.1.1’ ಇದ್ದದ್ದು ‘.ಎಸ್‌ಒ.3’ ಆಯಿತು. ಹೆಸರು ಬೇರೆ ಇರುವುದರಿಂದ ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರಬಹುದು, ಚಿಗರಿಯೂ ಮಾಮೂಲಿ ಬಸ್ಸೂ ಒಂದೇ ಊರಲ್ಲಿ ಓಡುವ ಹಾಗೆ. ಆದರೆ 22.04ರ ಡಿಪೋದಲ್ಲಿ ಹಳೆಯ ಬಸ್ಸು ಇಲ್ಲ.

ಸರ್ಚ್ ಮಾಡಿದರೆ ಇಲ್ಲಿ ಎರಡು ಸಲಹೆ ಸಿಗುತ್ತವೆ. ಒಂದು, 20.04ರ ಭಂಡಾರದ ಸಾಲನ್ನು ನಿಮ್ಮ 22.04ರ ಸೋರ್ಸಸ್ ಪಟ್ಟಿಗೆ ಸೇರಿಸುವುದು. ಎರಡು, ಎಲ್ಲಿಂದಲೋ ಹಳೆಯ ಲಿಬ್‌ಎಸ್‌ಎಸ್‌ಎಲ್ ಡೆಬ್ ತಂದು ಹಾಕುವುದು. ಎರಡೂ ಅವತ್ತಿನ ಮಟ್ಟಿಗೆ ಕೆಲಸ ಮಾಡುತ್ತವೆ. ಆ ಸಲಹೆಗಳಿಗೆ ಅಷ್ಟು ಲೈಕ್ ಬಿದ್ದಿರುವುದೂ ಅದಕ್ಕೇ. ಆದರೆ ಮನೆ ಕಂಪ್ಯೂಟರಿನಲ್ಲಿ ನಾನು ಇವನ್ನು ಮಾಡುವುದಿಲ್ಲ. ಹಳೆಯ ಭಂಡಾರದ ಸಾಲು ಅಲ್ಲೇ ಮರೆತುಹೋಗಿ, ವರ್ಷದ ಮೇಲೆ ಅಪ್‌ಗ್ರೇಡ್ ಮಾಡುವಾಗ ಕಲಬೆರಕೆಯಾಗಿ ಕೈ ಕೊಡುತ್ತದೆ. ಕೈಯಿಂದ ಹಾಕಿದ ಡೆಬ್ಬಿಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ಅದರಲ್ಲೂ ಇದು ಸುರಕ್ಷತೆಯದೇ ಲೈಬ್ರರಿ, ಅದೇ ಯಂತ್ರದಲ್ಲಿ ಅಪ್ಪ ಬ್ಯಾಂಕ್ ಕೆಲಸ ಮಾಡುತ್ತಾರೆ. ಸರಿಯಾದ ದಾರಿ ಬೇಜಾರಿನದ್ದು: ಆ ಸಾಫ್ಟ್‌ವೇರಿನವರೇ 22.04ಕ್ಕೆಂದು ಕಟ್ಟಿದ ವರ್ಷನ್ ಹುಡುಕುವುದು. ಹಳೆಯದೇ ಬೇಕೆಂದರೆ ಡಾಕರ್ ಕಂಟೇನರಿನೊಳಗೆ ಓಡಿಸುವುದು. ಅದರ ಡಿಪೆಂಡೆನ್ಸಿ ಅದರೊಳಗೇ ಇರಲಿ.

ಅಂತೂ ಗೆಳೆಯನಿಗೆ ಆ ಡೇಟಾಬೇಸು ಈಗ ಬೇಕಿರಲಿಲ್ಲ. ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಎಂದು ಎರರೇ ಹೇಳಿಕೊಟ್ಟಿತ್ತು. ಅದನ್ನು ನೇರ ಹೊಡೆಯುವ ಮೊದಲು ಕೊನೆಯಲ್ಲಿ ‘-ಎಸ್’ ಸೇರಿಸಿದೆವು. ಎಸ್ ಎಂದರೆ ಸಿಮ್ಯುಲೇಟ್: ಏನೇನು ಮಾಡುತ್ತೇನೆ ಎಂದು ಬರೆದು ತೋರಿಸುತ್ತದೆ, ಮಾಡುವುದಿಲ್ಲ. ‘ಇನ್‌ಸ್ಟ್’ ಎಂದು ಶುರುವಾಗುವ ಸಾಲು ಹಾಕುವಂಥದ್ದು, ‘ರೆಮ್ವ್’ ಎಂದರೆ ತೆಗೆಯುವಂಥದ್ದು. ಇಲ್ಲಿ ಒಂದೇ ರೆಮ್ವ್ ಸಾಲು, ಅದೇ ಡೇಟಾಬೇಸು. ಸರಿ ಎಂದು ಎಸ್ ತೆಗೆದು ಓಡಿಸಿದೆವು. ಆಮೇಲೆ ಐಬಸ್-ಎಂ17ಎನ್ ಒಂದೇ ಏಟಿಗೆ ಬಂತು. ಲಾಗ್‌ಔಟ್ ಆಗಿ ಮತ್ತೆ ಒಳಗೆ ಬಂದು, ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಕೆಜಿಪಿ ಆರಿಸಿದ್ದಷ್ಟೇ ಉಳಿದ ಕೆಲಸ.

ಯಾವುದನ್ನು ತೆಗೆಯುತ್ತದೆ ಎಂಬ ಪಟ್ಟಿ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಡಿ. ಆಪ್ಟಿಗೆ ನೀವು ಏನೋ ಹಾಕು ಎಂದು ಹೇಳಿದರೆ, ಲೆಕ್ಕ ಕೂಡಿಸಲು ಅದು ಬೇರೆ ಏನನ್ನೋ ತೆಗೆಯಲು ಹೊರಡಬಹುದು. ‘ದಿ ಫಾಲೋಯಿಂಗ್ ಪ್ಯಾಕೇಜಸ್ ವಿಲ್ ಬಿ ರಿಮೂವ್ಡ್’ ಎಂಬ ಸಾಲಿನ ಕೆಳಗೆ ಅದನ್ನು ಬರೆದೇ ಬರೆಯುತ್ತದೆ. ನಾವು ಓದದೆ ವೈ ಒತ್ತುತ್ತೇವೆ.

2021ರ ನವೆಂಬರಿನಲ್ಲಿ ಇದು ಜಗತ್ತಿಗೆಲ್ಲ ಕಾಣುವ ಹಾಗೆ ನಡೆಯಿತು. ಲೈನಸ್ ಟೆಕ್ ಟಿಪ್ಸ್ ಯೂಟ್ಯೂಬ್ ಚಾನೆಲ್ಲಿನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಹಾಕಿಕೊಂಡು, ಆಟ ಆಡಲೆಂದು ಸ್ಟೀಮ್ ಇನ್‌ಸ್ಟಾಲ್ ಮಾಡಲು ಹೋದರು. ಆ ಹೊತ್ತಿಗೆ ಭಂಡಾರದಲ್ಲಿ ಒಂದು ಡಿಪೆಂಡೆನ್ಸಿ ಎಡವಟ್ಟಾಗಿತ್ತು. ಆಪ್ಟ್ ಕಂಡುಕೊಂಡ ಪರಿಹಾರ: ಇಡೀ ಡೆಸ್ಕ್‌ಟಾಪನ್ನೇ ತೆಗೆದುಹಾಕುವುದು! ಅದು ಎಚ್ಚರಿಕೆ ಕೊಟ್ಟಿತು, ‘ಯಸ್, ಡು ಆ್ಯಸ್ ಐ ಸೇ!’ ಎಂದು ಪೂರ್ತಿ ಟೈಪ್ ಮಾಡಲು ಕೇಳಿತು. ಅವರು ಮಾಡಿದರು. ಕಪ್ಪು ಪರದೆ ಉಳಿಯಿತು. ಆಮೇಲೆ ಆಪ್ಟಿನವರು ಅಷ್ಟು ಸುಲಭವಾಗಿ ಹಾಗೆ ಮಾಡಲು ಬಾರದಂತೆ ಬಿಗಿ ಮಾಡಿದರು. ನಕ್ಕು ಬಿಡುವ ವಿಷಯ ಅಲ್ಲ, ಸಾವಿರಾರು ಕಂಪ್ಯೂಟರ್ ಬಿಚ್ಚಿ ಕಟ್ಟಿದ ಮನುಷ್ಯನ ಕಥೆ ಇದು.

ತೆಗೆಯುವ ಪಟ್ಟಿಯಲ್ಲಿ ಉಬುಂಟು-ಡೆಸ್ಕ್‌ಟಾಪ್, ಜಿಡಿಎಂ3, ನೆಟ್‌ವರ್ಕ್-ಮ್ಯಾನೇಜರ್, ಇವುಗಳಲ್ಲಿ ಯಾವುದೇ ಕಂಡರೂ ಎನ್ ಒತ್ತಿ ಹೊರಗೆ ಬರ್ರಿ. ಮೊದಲಿನದು ಬರೀ ಚೀಟಿ, ಅದು ಹೋದರೆ ಆ ಕ್ಷಣಕ್ಕೆ ಏನೂ ಆಗದಿರಬಹುದು, ಆದರೂ ಅಪಶಕುನ. ನೆಟ್‌ವರ್ಕ್-ಮ್ಯಾನೇಜರ್ ಹೋದರೆ ವೈಫೈ ಹೋಗುತ್ತದೆ, ವೈಫೈ ಹೋದರೆ ಅದನ್ನು ಮತ್ತೆ ಇಳಿಸಿಕೊಳ್ಳುವ ದಾರಿಯೂ ಹೋಗುತ್ತದೆ.

24.04ರ ಬಾಲಂಗೋಚಿ

ಹೊಸದಾಗಿ 24.04 ಹಾಕಿಕೊಂಡವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಎಲ್ಲಾ ಹಳೆಯ ಟ್ಯುಟೋರಿಯಲ್ಲುಗಳಲ್ಲಿ ‘ಲಿಬ್‌ಅಸೌಂಡ್2’ ಹಾಕಿ ಎಂದಿರುತ್ತದೆ. ಕೇಳಿದರೆ ಆಪ್ಟ್ ಕೊಡುವುದಿಲ್ಲ. ಈಗ ಅದರ ಹೆಸರು ‘ಲಿಬ್‌ಅಸೌಂಡ್2ಟಿ64’. ಹೀಗೆ ಟಿ64 ಬಾಲ ಅಂಟಿಸಿಕೊಂಡ ಲೈಬ್ರರಿಗಳು ಬಹಳ ಇವೆ. ಕಾರಣ 2038ರ ಜನವರಿ 19. 1970ರಿಂದ ಸೆಕೆಂಡು ಎಣಿಸುವ ಲೆಕ್ಕ ಅವತ್ತು 32 ಬಿಟ್‌ನ ಚಿಹ್ನೆಸಹಿತ ಸಂಖ್ಯೆಯಲ್ಲಿ ಹಿಡಿಸುವುದಿಲ್ಲ. ಅದಕ್ಕೆ 32 ಬಿಟ್ ಯಂತ್ರಗಳಲ್ಲೂ ಸಮಯವನ್ನು 64 ಬಿಟ್ ಮಾಡಿದರು. ಸ್ಟ್ರಕ್ಚರಿನ ಅಳತೆ ಬದಲಾಯಿತು, ಎಬಿಐ ಬದಲಾಯಿತು, ಹೆಸರೂ ಬದಲಾಗಬೇಕಾಯಿತು. ಬಸ್ಸಿನ ಬಾಗಿಲು ಮತ್ತೆ ಸರಿಯಿತು ಎನ್ನಿ. ನಮ್ಮ ಮನೆಗಳ 64 ಬಿಟ್ ಯಂತ್ರಗಳಲ್ಲಿ ಬಾಗಿಲು ಅಲ್ಲೇ ಇದ್ದರೂ, ಎಲ್ಲಾ ಕಡೆ ಒಂದೇ ಹೆಸರಿರಲಿ ಎಂದು ಬೋರ್ಡು ಮಾತ್ರ ಬದಲಾಗಿದೆ.

ಪಿಪ್ ಬೇರೆಯೇ ಊರು

ಎರಡನೇ ವರ್ಷದವರ ನಿಜವಾದ ಗೋಳು ಪೈಥಾನಿನಲ್ಲಿದೆ. ಮೊದಲು ತಿಳಿಯಬೇಕಾದದ್ದು, ಉಬುಂಟು ತಾನೇ ಪೈಥಾನ್ ಬಳಸುತ್ತದೆ. ಟರ್ಮಿನಲ್ ತೆರೆಯುವ ಸ್ಕ್ರಿಪ್ಟು, ಹೊಸ ಭಂಡಾರ ಸೇರಿಸುವ ಕಮಾಂಡು, ಅಪ್‌ಡೇಟ್ ತೋರಿಸುವ ಕಿಟಕಿ, ಇವೆಲ್ಲ ಪೈಥಾನಿನವು. 22.04ರಲ್ಲಿ ಅವು 3.10ಕ್ಕೆ, 24.04ರಲ್ಲಿ 3.12ಕ್ಕೆ ಹೊಂದಿಕೊಂಡಿವೆ. ಯಾವುದೋ ವಿಡಿಯೋ ನೋಡಿ ಸಿಸ್ಟಮ್ಮಿನ ‘ಪೈಥಾನ್3’ ಲಿಂಕನ್ನು ಹೊಸ ವರ್ಷನ್ನಿಗೆ ತಿರುಗಿಸಿದರೆ ಟರ್ಮಿನಲ್ಲೇ ತೆರೆಯದಂತಾಗಬಹುದು. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯ ಲಾಗಿನ್ ಬರುತ್ತದೆ. ಅಲ್ಲಿ ಒಳಗೆ ಹೋಗಿ ‘ಎಲ್‌ಎನ್ -ಎಸ್‌ಎಫ್’ ಕಮಾಂಡಿನಿಂದ ಆ ಲಿಂಕನ್ನು ಮೂಲ ವರ್ಷನ್ನಿಗೆ ತಿರುಗಿಸಿದರೆ ಯಂತ್ರ ಸರಿಹೋಗುತ್ತದೆ. ಇಷ್ಟು ಗೊತ್ತಿಲ್ಲದೆ ಫಾರ್ಮ್ಯಾಟ್ ಆದ ಕಂಪ್ಯೂಟರುಗಳಿಗೆ ಲೆಕ್ಕ ಇಟ್ಟವರಿಲ್ಲ.

24.04ರಲ್ಲಿ ‘ಪಿಪ್ ಇನ್‌ಸ್ಟಾಲ್’ ಹೊಡೆದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ಬೈಯುತ್ತದೆ. ಇದು ಬಗ್ ಅಲ್ಲ. ಆಪ್ಟ್ ನೋಡಿಕೊಳ್ಳುವ ಪೈಥಾನಿನಲ್ಲಿ ಪಿಪ್ ಕೈಹಾಕಬಾರದು ಎಂದು ಪೆಪ್ 668 ಎಂಬ ಪ್ರಸ್ತಾವದಲ್ಲಿ ಒಪ್ಪಿದ ನಿಯಮ. ಅದನ್ನು ದಾಟಲು ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಎಂಬ ಆಯ್ಕೆ ಇದೆ. ಸಿಸ್ಟಮ್ ಮುರಿ ಎಂದು ಅದರ ಹೆಸರಲ್ಲೇ ಬರೆದಿದೆ, ಆದರೂ ನಮ್ಮವರು ಹಾಕುತ್ತಾರೆ. ಅದರ ಬದಲು ಪ್ರಾಜೆಕ್ಟಿಗೊಂದು ವೆನ್ವ್ ಮಾಡಿ: ‘ಪೈಥಾನ್3 -ಎಂ ವೆನ್ವ್’ ಮುಂದೆ ಒಂದು ಹೆಸರು. ಆ ಫೋಲ್ಡರಿನೊಳಗೆ ಏನು ಗಲಾಟೆ ಆದರೂ ಫೋಲ್ಡರ್ ಅಳಿಸಿದರೆ ಮುಗಿಯಿತು. ಮನೆಯವರಿಗೆ ಗೊತ್ತೂ ಆಗುವುದಿಲ್ಲ.

ವೆನ್ವ್ ಒಳಗೂ ವರ್ಷನ್ ಜಗಳ ಇರುತ್ತದೆ. 2024ರ ಜೂನ್‌ನಲ್ಲಿ ನಂಪೈ 2.0 ಬಂದಾಗ, 1.x ಮೇಲೆ ಕಂಪೈಲ್ ಆಗಿದ್ದ ಎಷ್ಟೋ ಲೈಬ್ರರಿಗಳು ಅದರ ಜೊತೆ ಓಡಲು ನಿರಾಕರಿಸಿದವು. ಮತ್ತೆ ಅದೇ ಎಬಿಐ. ಸೀನಿಯರ್ ಕೊಟ್ಟ ಹಳೆಯ ಪ್ರಾಜೆಕ್ಟ್ ನಿಮ್ಮಲ್ಲಿ ಓಡದಿದ್ದರೆ ‘ನಂಪೈ<2’ ಎಂದು ಉದ್ಧರಣ ಚಿಹ್ನೆಯೊಳಗೆ ಬರೆದು ಪಿಪ್‌ಗೆ ಹೇಳಿ ನೋಡಿ. ಉದ್ಧರಣ ಚಿಹ್ನೆ ಬಿಟ್ಟರೆ ಶೆಲ್ ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳುತ್ತದೆ.

ಕನ್ನಡ ಪುಟಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ತೆಗೆಯುವ ಪ್ರಾಜೆಕ್ಟ್ ಮಾಡುವವರಿಗೆ ಇನ್ನೊಂದು ಬಲೆ ಇದೆ. ಪಿಪ್‌ನಿಂದ ಪೈಟೆಸರಾಕ್ಟ್ ಸಲೀಸಾಗಿ ಬರುತ್ತದೆ, ಓಡಿಸಿದರೆ ‘ಟೆಸರಾಕ್ಟ್ ಇನ್‌ಸ್ಟಾಲ್ ಆಗಿಲ್ಲ’ ಎನ್ನುತ್ತದೆ. ಪೈಟೆಸರಾಕ್ಟ್ ಬರೀ ಹೊದಿಕೆ. ನಿಜವಾದ ಓಸಿಆರ್ ಎಂಜಿನ್ ಪೈಥಾನ್ ಅಲ್ಲ, ಆದ್ದರಿಂದ ಪಿಪ್‌ಗೆ ಅದು ಕಾಣುವುದೇ ಇಲ್ಲ. ಅದನ್ನು ಆಪ್ಟಿನಿಂದ ತರಬೇಕು. ತಂದರೂ ಕನ್ನಡ ಓದುವುದಿಲ್ಲ. ‘ಟೆಸರಾಕ್ಟ್-ಓಸಿಆರ್-ಕೆಎಎನ್’ ಎಂಬ ಕನ್ನಡದ ಪ್ಯಾಕೇಜು ಬೇರೆ ಹಾಕಬೇಕು. ಯಾವ ಚೀಟಿಯಲ್ಲೂ ಬರೆಯದ ಡಿಪೆಂಡೆನ್ಸಿ ಇದು, ಇಂಥದ್ದನ್ನು ಯಾವ ಟೂಲೂ ಹಿಡಿಯುವುದಿಲ್ಲ.

ಕಂಪ್ಯೂಟರೇ ಯಾಕೆ ಬಿಡಿಸಬಾರದು?

ಡಿಸ್ಕ್ರೀಟ್ ಮ್ಯಾಥ್ಸ್ ಓದಿದವರಿಗೆ ಎರಡು ಮಾತು. ಪ್ರತಿ ಪ್ಯಾಕೇಜಿನ ಪ್ರತಿ ವರ್ಷನ್ನನ್ನೂ ಒಂದು ಬೂಲಿಯನ್ ವೇರಿಯಬಲ್ ಎಂದುಕೊಳ್ಳಿ: ಹಾಕಿದರೆ ಟ್ರೂ, ಇಲ್ಲವಾದರೆ ಫಾಲ್ಸ್. ‘ಎ ಬೇಕಾದರೆ ಬಿ ಅಥವಾ ಸಿ ಬೇಕು’ ಒಂದು ಕ್ಲಾಸು. ‘ಬಿ, ಡಿ ಒಟ್ಟಿಗೆ ಇರಬಾರದು’ ಇನ್ನೊಂದು. ಎಲ್ಲವನ್ನೂ ಪೂರೈಸುವ ಆಯ್ಕೆ ಇದೆಯೇ ಎಂದು ಕೇಳಿದರೆ ಅದೇ ಸ್ಯಾಟ್ ಸಮಸ್ಯೆ, ಎನ್‌ಪಿ-ಕಂಪ್ಲೀಟ್. ನಿತ್ಯದ ಪ್ಯಾಕೇಜುಗಳಲ್ಲಿ ಗಂಟು ಅಷ್ಟು ಬಿಗಿ ಇರುವುದಿಲ್ಲ, ಆದ್ದರಿಂದ ಬೇಗ ಬಿಡುತ್ತದೆ. 2025ರಲ್ಲಿ ಬಂದ ಆಪ್ಟ್ 3.0ರಲ್ಲಿ ಹೊಸ ಸಾಲ್ವರ್ ಕೂಡ ಇದೆ. ಆದರೆ ಎಲ್ಲಾ ಕ್ಲಾಸುಗಳನ್ನು ಪೂರೈಸುವ ಹತ್ತು ಉತ್ತರಗಳಿದ್ದರೆ, ಅವುಗಳಲ್ಲಿ ಅಕ್ಕನ ಕೀಬೋರ್ಡ್ ಉಳಿಸುವುದು ಯಾವುದು ಎಂದು ಸಾಲ್ವರಿಗೆ ಗೊತ್ತಿಲ್ಲ. ಡೆಸ್ಕ್‌ಟಾಪ್ ಅಳಿಸುವುದೂ ಗಣಿತದ ಪ್ರಕಾರ ಸರಿ ಉತ್ತರವೇ.

ಕರೆಂಟ್, ಡೇಟಾ, ಬೀಗ

ಮನೆಯದ್ದೇ ಕೆಲವು ತೊಂದರೆಗಳಿವೆ. ಇನ್‌ಸ್ಟಾಲ್ ನಡುವೆ ಕರೆಂಟ್ ಹೋದರೆ ಮುಂದಿನ ಸಲ ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ ಎಂದು ಬರುತ್ತದೆ. ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಹೊಡೆದರೆ ಬಿಟ್ಟ ಜಾಗದಿಂದ ಮುಂದುವರಿಸುತ್ತದೆ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ದೊಡ್ಡ ಅಪ್‌ಗ್ರೇಡ್ ಶುರು ಮಾಡದಿರುವುದು ಮೇಲು. ‘404 ನಾಟ್ ಫೌಂಡ್’ ಬಂದರೆ ಬಹುಪಾಲು ನಿಮ್ಮ ಪಟ್ಟಿ ಹಳೆಯದು. ‘ಸುಡೊ ಆಪ್ಟ್ ಅಪ್‌ಡೇಟ್’ ಸಾಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮಾಡುವವರು ವೈ ಒತ್ತುವ ಮುಂಚೆ ‘ನೀಡ್ ಟು ಗೆಟ್’ ಮುಂದೆ ಎಷ್ಟು ಎಂಬಿ ಇದೆ ನೋಡಿ.

‘ಕುಡ್ ನಾಟ್ ಗೆಟ್ ಲಾಕ್’ ಎಂದರೆ ಹಿಂದೆ ಇನ್ನೊಂದು ಅಪ್‌ಡೇಟ್ ತಾನಾಗಿಯೇ ನಡೆಯುತ್ತಿದೆ. ಲಾಕ್ ಫೈಲನ್ನು ಅಳಿಸಿ ಎನ್ನುವ ಸಲಹೆ ಎಲ್ಲಾ ಕಡೆ ಸಿಗುತ್ತದೆ. ಬ್ಯಾಡ್ರಿ. ಎರಡು ಕೈ ಒಂದೇ ಲೆಕ್ಕದ ಪುಸ್ತಕದಲ್ಲಿ ಒಮ್ಮೆಗೇ ಬರೆದ ಹಾಗೆ ಆಗುತ್ತದೆ. ಒಂದು ಚಹಾ ಕುಡಿದು ಬನ್ನಿ, ಅಷ್ಟರಲ್ಲಿ ಮುಗಿದಿರುತ್ತದೆ.

ಇನ್ನು, ಮನೆಯಲ್ಲಿ ಯಾರು ಏನು ಹಾಕಿದರು ಎಂದು ಕೇಳಿದರೆ ಎಲ್ಲರೂ “ನಾ ಏನೂ ಮಾಡಿಲ್ಲ” ಅಂತಾರೆ. ಆಪ್ಟ್ ಎಲ್ಲವನ್ನೂ ಬರೆದಿಟ್ಟಿರುತ್ತದೆ: ವಾರ್, ಲಾಗ್, ಆಪ್ಟ್ ಫೋಲ್ಡರುಗಳೊಳಗಿನ ‘ಹಿಸ್ಟರಿ.ಲಾಗ್’ ಫೈಲಿನಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಯಾವ ಕಮಾಂಡಿನಿಂದ ಏನು ಬಂತು, ಏನು ಹೋಯಿತು ಎಲ್ಲಾ ಇದೆ. ಕೈಯಿಂದ ಹಾಕಿದ ಡೆಬ್‌ಗಳ ಲೆಕ್ಕ ಪಕ್ಕದ ‘ಡಿಪಿಕೆಜಿ.ಲಾಗ್’ನಲ್ಲಿ ಸಿಗುತ್ತದೆ. ಗೆಳೆಯನ ಡೇಟಾಬೇಸಿನ ತಾರೀಖು ನಮಗೆ ಸಿಕ್ಕಿದ್ದು ಅಲ್ಲೇ.

ನಮ್ಮ ಸಂಘದ ಗುಂಪಿನಲ್ಲಿ ಸಹಾಯ ಕೇಳುವವರು ದಯವಿಟ್ಟು ಪರದೆಯ ಅರ್ಧ ಫೋಟೋ ಕಳಿಸಬೇಡಿ, ಬಾಲವೇ ಕತ್ತರಿಸಿ ಹೋಗಿರುತ್ತದೆ. ಎರರಿನ ಪೂರ್ತಿ ಪಠ್ಯ, ಉಬುಂಟುವಿನ ಆವೃತ್ತಿ, ಎರರಿನಲ್ಲಿ ಹೆಸರು ಬಂದ ಪ್ಯಾಕೇಜಿನ ‘ಆಪ್ಟ್ ಪಾಲಿಸಿ’ ಉತ್ತರ, ಈ ಮೂರನ್ನು ಕಾಪಿ ಮಾಡಿ ಹಾಕಿ. ಅಪ್ಪನ ಫೋಲ್ಡರಿನ ಹೆಸರುಗಳು ಪರದೆಯ ಮೇಲಿದ್ದರೆ ಅವನ್ನು ಮಾತ್ರ ಅಳಿಸಿ.